ಫ್ರಿಜ್ಜಿನಲ್ಲಿಟ್ಟ ಕೀಲಿಕೈ

ಲಿಯೆಪಾಯಾ,
ಸೆಪ್ಟೆಂಬರ್ ೧೪

ಸೆಲ್ಗಾ,

ನಿನ್ನ ವಿಳಾಸ ನಿನ್ನ ಅಮ್ಮನಿಂದ ಸಿಕ್ಕಿತು. ಕೇಳಿ ಪಡೆದೆ ಎಂದರೆ ಸುಳ್ಳಾಗುತ್ತದೆ. ಮಾರುಕಟ್ಟೆಯಲ್ಲಿ ಅವರ ಹೊಗೆಮೀನಿನ ಅಂಗಡಿಯ ಮುಂದೆ ಮೂರು ಶನಿವಾರ ನಿಂತು, ಮೂರು ಶನಿವಾರವೂ ಬರೀ ಮೀನು ಕೊಂಡು ಮನೆಗೆ ಬಂದೆ. ನಾಲ್ಕನೆಯ ಶನಿವಾರ ಅವರೇ ಮೀನು ಸುತ್ತುವ ಕಾಗದದ ತುಂಡಿನ ಮೇಲೆ ವಿಳಾಸ ಬರೆದು, "ಇನ್ನೆಷ್ಟು ಮೀನು ತಿಂತೀಯೆ ಮಗಳೇ? ಬರೆದುಬಿಡು ಅವಳಿಗೆ" ಎಂದರು. ಲಕೋಟೆ ವಾಸನೆ ಬಂದರೆ ಕಾರಣ ಅದು.

ನಾನು ಈಗಲೂ ವೆಲ್ತಾ ದೊಡ್ಡಮ್ಮನ ಮನೆಯಲ್ಲೇ ಇದ್ದೇನೆ. ಸಾಹಿತ್ಯದ ಪದವಿ ಮುಗಿಯಿತು. ಬೆಳಿಗ್ಗೆ ಗ್ರಂಥಾಲಯದಲ್ಲಿ ಕೆಲಸ. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ, ಹಾಗಾಗಿ ನನಗೆ ಹಿತವಾಗಿದೆ. ದೊಡ್ಡಮ್ಮ ಇನ್ನೂ ಟ್ರಾಮ್ ಓಡಿಸುತ್ತಾಳೆ. ಅವಳ ಪಾಳಿ ಇರುವ ಮಧ್ಯಾಹ್ನಗಳಲ್ಲಿ ಅಡುಗೆಮನೆ ನನ್ನದು.

ವಿಷಯಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಹಳೆಯ ಲ್ಯಾಪ್‌ಟಾಪ್ ತೆರೆದೆ. ನಾವಿಬ್ಬರೂ ಶಾಲೆಯ ಕೊನೆಯ ವರ್ಷದಿಂದ ಈ ಅಡುಗೆಮನೆಯಲ್ಲಿ ಧ್ವನಿಮುದ್ರಿಸಿದ್ದೆಲ್ಲ ಹಾಗೇ ಇದೆ. ಎಂಟು ಹಾಡುಗಳಲ್ಲಿ ನಿನ್ನ ಧ್ವನಿ ಪೂರ್ತಿಯಾಗಿದೆ. ಒಂಬತ್ತನೆಯದರಲ್ಲಿ ಮಾತಿನ ಬದಲು 'ಲಾ ಲಾ' ಎಂದು ಹಾಡಿ ನಿಲ್ಲಿಸಿದ್ದೀಯ. ನಾನು ಅವುಗಳ ಸುತ್ತ ಹೊಸ ಸದ್ದುಗಳನ್ನು ಕಟ್ಟುತ್ತಿದ್ದೇನೆ. ರೀಗಾದಲ್ಲಿ ಕ್ಯಾಸೆಟ್ ಮಾಡುವ ಒಬ್ಬರು ಎರಡು ಹಾಡು ಕೇಳಿ, ವಸಂತಕ್ಕೆ ಆಲ್ಬಮ್ ತರೋಣ, ಫೆಬ್ರವರಿ ಕೊನೆಗೆ ಮುಗಿಸಿ ಕೊಡಿ ಎಂದಿದ್ದಾರೆ.

ಧ್ವನಿ ನಿನ್ನದು. ನೀನು ಒಪ್ಪದೆ ನಾನು ಅದನ್ನು ಯಾರಿಗೂ ಕೊಡುವುದಿಲ್ಲ.

ಆ ಮೇ ತಿಂಗಳ ಬಗ್ಗೆ ಬರೆಯಲು ಹೋಗಿ ಮೂರು ಹಾಳೆ ಹರಿದೆ. ಇದು ನಾಲ್ಕನೆಯದು.

ಡಾರ್ತಾ


ಲಿಯೆಪಾಯಾ,
ಅಕ್ಟೋಬರ್ ೨೦

ಸೆಲ್ಗಾ,

ಉತ್ತರ ಬರಲಿಲ್ಲ. ಒತ್ತಾಯವಿಲ್ಲ. ಕೆಲಸ ಎಲ್ಲಿಗೆ ಬಂತೆಂದು ತಿಳಿಸಲು ಮಾತ್ರ ಬರೆಯುತ್ತಿದ್ದೇನೆ.

ಮೊದಲ ಹಾಡಿನ ತಾಳಕ್ಕೆ ದೊಡ್ಡಮ್ಮನ ಲಟ್ಟಣಿಗೆ ಹಲಗೆಯ ಮೇಲೆ ಉರುಳುವ ಸದ್ದು ಹಾಕಿದೆ. ಮೂರನೆಯದಕ್ಕೆ ಕಾಲುವೆಯ ಸೇತುವೆಯ ಬಳಿ ಟ್ರಾಮ್ ತಿರುಗುವಾಗ ಬರುತ್ತದಲ್ಲ, ಹಳಿಯ ಕೂಗು, ಅದನ್ನು ನಾಲ್ಕು ಪಟ್ಟು ನಿಧಾನ ಮಾಡಿದ್ದೇನೆ. ಈಗ ಅದು ದೂರದಲ್ಲಿ ಯಾರೋ ಹೆಂಗಸರು ಸಾಲಾಗಿ ನಿಂತು ಹಾಡಿದ ಹಾಗೆ ಕೇಳುತ್ತದೆ. ಅದರ ನಡುವೆ ನಿನ್ನ ಹದಿನೆಂಟರ ಧ್ವನಿ. ದೊಡ್ಡಮ್ಮನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಹುಡುಗಿ ಚೆನ್ನಾಗಿ ಹಾಡ್ತಾಳೆ. ಆದ್ರೆ ಆ ಟ್ರಾಮಿಗೆ ಎಣ್ಣೆ ಹಾಕಿಸ್ಬೇಕು" ಎಂದಳು.

ಫ್ರಿಜ್ಜು ಅದೇ. ಒಳಗೆ ಸೇರಿಕೊಂಡ ಬೆಕ್ಕಿನ ಹಾಗೆ ಗುಂಯ್ ಎನ್ನುತ್ತಲೇ ಇರುತ್ತದೆ. ಮೈಕಿಗೆ ಅದು ಕೇಳದಿರಲಿ ಎಂದು ಈಗಲೂ ಹಾಡುವ ಮೊದಲು ಅದರ ವೈರು ಕೀಳುತ್ತೇನೆ, ಈಗಲೂ ಕೀಲಿಕೈಯನ್ನು ಫ್ರಿಜ್ಜಿನೊಳಗೆ ಇಡುತ್ತೇನೆ. ಆ ಸ್ಟ್ರಾಬೆರಿ ನೆನಪಿದೆಯೇ? ನಾವು ಎರಡು ಗಂಟೆ ಹಾಡಿ, ವೈರು ಹಾಕುವುದನ್ನು ಮರೆತು ಸಮುದ್ರದ ದಂಡೆಗೆ ಹೋಗಿಬಿಟ್ಟಿದ್ದೆವು. ಚಳಿಗಾಲಕ್ಕೆಂದು ದೊಡ್ಡಮ್ಮ ತೆಗೆದಿಟ್ಟ ಐದು ಕಿಲೋ ಕರಗಿ, ಬಾಗಿಲ ಸಂದಿಯಿಂದ ಹರಿದು, ನೆಲವೆಲ್ಲ ಕೆಂಪು. ಅವಳು ಬೈಯಲಿಲ್ಲ. ಒಂದು ಕಾನೂನು ಮಾಡಿದಳು. "ಇನ್ಮೇಲೆ ಹಾಡೋ ಮುಂಚೆ ಡಾರ್ತಾ ಮನೆ ಕೀಲಿಕೈ ಫ್ರಿಜ್ಜಿಗೆ. ಕೀಲಿಕೈ ಬೇಕಂದ್ರೆ ಫ್ರಿಜ್ಜು ತೆಗೀಬೇಕು, ತೆಗೆದ್ರೆ ಕತ್ತಲೆ ಕಾಣುತ್ತೆ, ಕಂಡ್ರೆ ವೈರು ನೆನಪಾಗುತ್ತೆ. ತಿಳೀತಾ ಹಾಡುಗಾರ್ತಿಯರೇ?"

ಆಲ್ಬಮ್ಮಿಗೆ ಹೆಸರು ಸಿಕ್ಕಿದೆ: 'ಐದು ಕಿಲೋ ಸ್ಟ್ರಾಬೆರಿ'. ಬೇಡ ಎನಿಸಿದರೆ ಹೇಳು.

ಡಾರ್ತಾ


ಅಲೂಕ್ಸ್ನೆ,
ನವೆಂಬರ್ ೩

ಡಾರ್ತಾ,

ಎರಡೂ ಪತ್ರ ಬಂದವು. ಮೊದಲನೆಯದರಿಂದ ನಿಜಕ್ಕೂ ಮೀನಿನ ವಾಸನೆ ಬಂತು. ಮನೆಯೊಡತಿ ಆಸ್ಟ್ರಾ ಅಮ್ಮನ ನಾಯಿ ಅದರ ಒಂದು ಮೂಲೆ ತಿಂದಿದೆ.

ನಾನಿಲ್ಲಿ ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ಗಾಯನವೃಂದದಲ್ಲಿ ಇಪ್ಪತ್ತಮೂರು ಮಕ್ಕಳು, ಅದರಲ್ಲಿ ಹಾಡುವವರು ಹತ್ತು. ಊರು ಚಿಕ್ಕದು, ಕೆರೆ ದೊಡ್ಡದು. ಚೆನ್ನಾಗಿದ್ದೇನೆ.

ನನ್ನ ಧ್ವನಿ ಬಳಸಿಕೋ. ಹೆಸರು ಹಾಕಬೇಡ.

ಕೀಲಿಕೈ ಕಾನೂನಿನ ಮಾತನ್ನು ನೀನೇ ಎತ್ತಿದ್ದರಿಂದ ಕೇಳುತ್ತೇನೆ. ಆ ಮೇ ತಿಂಗಳಲ್ಲಿ ರೀಗಾದ ಕಾರ್ಖಾನೆಯ ಅಂಗಳದಲ್ಲಿ, ನಮ್ಮ ಮೊದಲ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇರುವಾಗ, ವೇದಿಕೆಯ ಹಿಂದೆ ನೀನು ಏನು ಹೇಳಿದೆ ನೆನಪಿದೆಯಾ? "ಅಯ್ಯೋ, ಫ್ರಿಜ್ಜಿನ ವೈರು ಹಾಕೇ ಇಲ್ಲ ಕಣೇ. ದೊಡ್ಡಮ್ಮ ಊರಲ್ಲಿಲ್ಲ. ಪಕ್ಕದ್ಮನೆಗೆ ಫೋನ್ ಮಾಡಿ ಬಂದೆ, ಎರಡೇ ನಿಮಿಷ." ಹೇಳಿ ಓಡಿದೆ. ಓಡುವಾಗ ನಿನ್ನ ಕೋಟಿನ ಜೇಬಿನಲ್ಲಿ ಕೀಲಿಕೈ ಸದ್ದಾಯಿತು.

ವೈರು ಹಾಕಿರದಿದ್ದರೆ ಕೀಲಿಕೈ ಫ್ರಿಜ್ಜಿನೊಳಗಿರಬೇಕಿತ್ತು, ಅಲ್ಲವಾ?

ನನಗೆ ಆಗಲೇ ಗೊತ್ತಾಯಿತು. ಆದರೂ ಎರಡು ನಿಮಿಷ ಕಾದೆ. ಆಮೇಲೆ ಇನ್ನೂ ಹತ್ತು ನಿಮಿಷ. ಆಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬಳೇ ಹಾಡಿದೆ. ಮೂರನೆಯ ಹಾಡಿನಲ್ಲಿ ಲ್ಯಾಪ್‌ಟಾಪಿನಿಂದ ನಿನ್ನ ಧ್ವನಿ ಬಂದಾಗ ಮುಂದಿನ ಸಾಲಿನವರು ನೀನೆಲ್ಲಿ ಎಂದು ಹುಡುಕಿದರು. ನಾನೂ ಹುಡುಕಿದೆ.

ಸ್ಟ್ರಾಬೆರಿ ಹೆಸರು ಇರಲಿ.

ಸೆಲ್ಗಾ


ಲಿಯೆಪಾಯಾ,
ನವೆಂಬರ್ ೧೮

ಸೆಲ್ಗಾ,

ಕೀಲಿಕೈ ನನ್ನ ಜೇಬಿನಲ್ಲಿತ್ತು. ಫ್ರಿಜ್ಜು ಚೆನ್ನಾಗಿ ಓಡುತ್ತಿತ್ತು. ಹೊರಡುವ ಮುಂಚೆ ನಾನೇ ನೋಡಿ ಬಂದಿದ್ದೆ.

ಪರದೆಯ ಸಂದಿಯಿಂದ ಜನರನ್ನು ಎಣಿಸಿದೆ. ನಲವತ್ತೊಂದು ಜನ. ನಲವತ್ತೊಂದು ಅಂಥ ದೊಡ್ಡ ಸಂಖ್ಯೆಯಲ್ಲ ಎಂದು ಈಗ ಅನಿಸುತ್ತದೆ. ಅಂದು ಅವರೆಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗುತ್ತಾರೆ ಎಂಬ ಯೋಚನೆಗೇ ಕೈ ತಣ್ಣಗಾಯಿತು. ಬಾಯಿಗೆ ಬಂದ ಮೊದಲ ಸುಳ್ಳು ಹೇಳಿದೆ. ನಿಜಕ್ಕೂ ಎರಡು ನಿಮಿಷದಲ್ಲಿ ವಾಪಸ್ ಬರುವವಳಿದ್ದೆ. ಕಾಲು ಬಸ್ ನಿಲ್ದಾಣದ ಕಡೆ ನಡೆಯಿತು. ಲಿಯೆಪಾಯಾ ಬಸ್ಸು ನಿಂತಿತ್ತು, ಹತ್ತಿದೆ. ದಾರಿಯುದ್ದಕ್ಕೂ ಜೇಬಿನ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಅದು ನಿನಗೆ ಕೇಳಿಸಿತ್ತೆಂದು ಎರಡೂವರೆ ವರ್ಷ ನನಗೆ ಹೊಳೆಯಲೇ ಇಲ್ಲ. ನೀನು ಫೋನ್ ನಂಬರ್ ಬದಲಿಸಿದ್ದು ಕಾರ್ಯಕ್ರಮ ಕೆಟ್ಟಿತೆಂಬ ಸಿಟ್ಟಿಗೆ ಎಂದುಕೊಂಡಿದ್ದೆ. ಸುಳ್ಳಿಗೆ ಎಂದು ಈಗ ತಿಳಿಯಿತು.

ಕ್ಷಮಿಸು ಎಂಬ ಮಾತನ್ನು ಇಷ್ಟು ತಡವಾಗಿ ಹೇಗೆ ಬರೆಯುವುದೋ ಗೊತ್ತಿಲ್ಲ. ಬರೆದಿದ್ದೇನೆ.

ಇನ್ನೊಂದು. ನಿನ್ನ ಹೆಸರಿಲ್ಲದೆ ಆಲ್ಬಮ್ ಹೊರಡುವುದಿಲ್ಲ. ಒಂದು ಸಲ ನೀನು ಅಲ್ಲಿ ನಿಂತು ನಾನು ಇಲ್ಲವಾದೆ. ಈ ಸಲ ನಾನು ನಿಂತು ನೀನು ಇಲ್ಲವಾಗುವುದು ಬೇಡ. ನೀನು ಹೆಸರು ಕೊಡದಿದ್ದರೆ ಕ್ಯಾಸೆಟ್‌ನವರಿಗೆ ಇಲ್ಲ ಎನ್ನುತ್ತೇನೆ. ಎಂಟು ಹಾಡು ಮುಗಿದಿವೆ, ಮಾಡುವಾಗ ಸಂತೋಷವಾಗಿದ್ದೆ, ಅಷ್ಟಾದರೂ ನನಗೆ ಸಿಕ್ಕಿದೆ. ಇದು ಬೆದರಿಕೆಯಲ್ಲ.

ಪೆನ್‌ಡ್ರೈವ್‌ನಲ್ಲಿ ಒಂಬತ್ತನೆಯ ಹಾಡಿದೆ. ನಿನ್ನ 'ಲಾ ಲಾ' ಇದ್ದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮಾತುಗಳು ಈ ಹಾಳೆಯ ಹಿಂದಿವೆ.

ಡಾರ್ತಾ


ಅಲೂಕ್ಸ್ನೆ,
ಡಿಸೆಂಬರ್ ೯

ಡಾರ್ತಾ,

ನಿನ್ನ ಪತ್ರವನ್ನು ಮೇಜಿನ ಖಾನೆಯಲ್ಲಿಟ್ಟು ಒಂದು ವಾರ ಶಾಲೆಗೆ ಹೋಗಿ ಬಂದೆ. ಎಂಟನೆಯ ದಿನ ಮತ್ತೆ ಓದಿದೆ. ನಲವತ್ತೊಂದು ಜನ ಇರಲಿಲ್ಲ, ಮೂವತ್ತೆಂಟು. ಮೂವರು ವಿದ್ಯುತ್ ಕೆಲಸದವರು. ನಿನಗೆ ಎಣಿಸಲೂ ಬರುವುದಿಲ್ಲ.

ಹಾಡು ಕೇಳಿದೆ. ಹಿಂದಿನಿಂದ ಬರುವ ಆ ಗುಂಯ್ ಸದ್ದು ಫ್ರಿಜ್ಜಿನದೇ ತಾನೆ? ಆ ಸದ್ದನ್ನು ತೊಲಗಿಸಲು ಅಷ್ಟು ವರ್ಷ ವೈರು ಕಿತ್ತು, ಕೊನೆಗೆ ಅದನ್ನೇ ಹಾಡಿಗೆ ಕೂರಿಸಿದ್ದೀಯ. ನಗು ಬಂತು. ಆಮೇಲೆ ಇನ್ನೊಮ್ಮೆ ಹಾಕಿದೆ.

ಶಾಲೆ ಬಿಟ್ಟ ಮೇಲೆ ಸಂಗೀತದ ಕೋಣೆಯಲ್ಲಿ ಪಿಯಾನೋ ನುಡಿಸಿ ಶ್ರುತಿ ಹಿಡಿದು, ಆಮೇಲೆ ಹಾಡನ್ನು ಇಯರ್‌ಫೋನಿನಲ್ಲಿ ಮೆಲ್ಲಗೆ ಹಾಕಿಕೊಂಡು ಹಾಡಿದೆ. ಬಾಗಿಲ ಹೊರಗೆ ಎರಡನೆಯ ತರಗತಿಯವರಿಬ್ಬರು ನಿಂತಿದ್ದರು. "ಟೀಚರ್, ಯಾಕೆ ಇಷ್ಟು ಮೆಲ್ಲಗೆ ಹಾಡ್ತಿದ್ರಿ? ಯಾರಾದ್ರೂ ಮಲಗಿದಾರಾ?" ಎಂದು ಕೇಳಿದರು. ನನ್ನ ಧ್ವನಿ ಈಗ ಸ್ವಲ್ಪ ದಪ್ಪವಾಗಿದೆ. ಮಕ್ಕಳ ಮೇಲೆ ಕೂಗಿದ್ದರ ಫಲ.

ಹೆಸರಿನ ವಿಷಯ ಯೋಚಿಸುತ್ತೇನೆ. ಮೊದಲು ಪೆನ್‌ಡ್ರೈವ್‌ನಲ್ಲಿರುವ ಇದು ಹಾಡಿಗೆ ಕೂರುತ್ತದಾ ನೋಡು.

ಸೆಲ್ಗಾ


ಲಿಯೆಪಾಯಾ,
ಜನವರಿ ೪

ಸೆಲ್ಗಾ,

ಕೂರಲಿಲ್ಲ.

ನಿನ್ನ ಧ್ವನಿ ಚೆನ್ನಾಗಿದೆ. ದಪ್ಪವಾಗಿಲ್ಲ, ಬೆಚ್ಚಗಾಗಿದೆ. ಆದರೆ ಹಾಡಿನ ಮೇಲೆ ಇಟ್ಟ ಕೂಡಲೇ ಎರಡೂ ಜಗಳವಾಡುತ್ತವೆ. ತಪ್ಪು ಸ್ವರವೂ ಅಲ್ಲ, ಸರಿಯಾದ ಸ್ವರವೂ ಅಲ್ಲ, ನಡುವೆ ಎಲ್ಲೋ. ಹತ್ತು ದಿನ ಕೂತೆ. ಕಂಪ್ಯೂಟರಿನಲ್ಲಿ ನಿನ್ನ ಧ್ವನಿಯನ್ನು ಎಳೆದು ಕೂರಿಸಿದರೆ ಅದು ನಿನ್ನದಾಗಿ ಉಳಿಯುವುದಿಲ್ಲ. ತಗಡಿನ ಡಬ್ಬಿಯೊಳಗೆ ಕೂತು ಹಾಡಿದ ಹಾಗಾಗುತ್ತದೆ. ಕ್ರಿಸ್‌ಮಸ್ ದಿನ ದೊಡ್ಡಮ್ಮ ಬಟಾಣಿ ಬೇಯಿಸುತ್ತಾ ಕೇಳಿ ಹೇಳಿದಳು: "ಇಬ್ರೂ ಚೆನ್ನಾಗೇ ಇದೀರಿ ಕಣೇ. ಬೇರೆ ಬೇರೆ ಮನೇಲಿ ಇದೀರಿ, ಅಷ್ಟೇ."

ಆಗ ಹೊಳೆಯಿತು. ನಮ್ಮ ಬಳಿ ಪಿಯಾನೋ ಎಲ್ಲಿತ್ತು? ಆ ಹಳೆಯ ಕೀಬೋರ್ಡಿನ ಪಕ್ಕದ ತಿರುಗುಗುಂಡಿಯನ್ನು, ಫ್ರಿಜ್ಜಿನ ಗುಂಯ್‌ಗೆ ಹೊಂದುವವರೆಗೂ ತಿರುಗಿಸಿ, ಆಮೇಲೆ ವೈರು ಕೀಳುತ್ತಿದ್ದೆವು. ನಾವು ಹಾಡಿದ್ದೆಲ್ಲ ಫ್ರಿಜ್ಜಿನ ಶ್ರುತಿಯಲ್ಲಿ. ಪಿಯಾನೋದ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಜಾಗ ಅದು. ಶಾಲೆಯ ಪಿಯಾನೋದಲ್ಲಿ ಅದು ಇಲ್ಲವೇ ಇಲ್ಲ.

ಹಾಗಾದರೆ ನೀನು ಅಷ್ಟು ದೂರದಿಂದ ಈ ಶ್ರುತಿ ಹಿಡಿಯುವುದು ಹೇಗೆ ಎಂದು ದೊಡ್ಡಮ್ಮನ ಮುಂದೆ ಗೋಳಾಡಿದೆ. ಅವಳು ಟ್ರಾಮ್ ಶೆಡ್ಡಿನ ಎಲೆಕ್ಟ್ರಿಷಿಯನ್ನನ್ನು ಕೇಳಿ ಬಂದಳು. ಊರೂರಿಗೆ ಕರೆಂಟು ಒಂದೇ ವೇಗದಲ್ಲಿ ಮಿಡಿಯುತ್ತದಂತೆ. ಅದರಿಂದಲೇ ಫ್ರಿಜ್ಜು ಗುಂಯ್ ಎನ್ನುವುದಂತೆ. ಅಂದರೆ ಅಲೂಕ್ಸ್ನೆಯ ಹಳೆಯ ಫ್ರಿಜ್ಜು ಕೂಡ ನಮ್ಮದರ ಸ್ವರವನ್ನೇ ಹಾಡುತ್ತಿರಬೇಕು. ಆಸ್ಟ್ರಾ ಅಮ್ಮನ ಫ್ರಿಜ್ಜಿಗೆ ಒಮ್ಮೆ ಕಿವಿಯಿಟ್ಟು ನೋಡು.

ಫೆಬ್ರವರಿ ಹತ್ತಿರ ಬರುತ್ತಿದೆ. ಕ್ಯಾಲೆಂಡರಿನಲ್ಲಿ ಐದರ ಕೆಳಗೆ ನಿನ್ನ ಹೆಸರು, ಆರರ ಕೆಳಗೆ ನನ್ನದು; ಅಂದರೆ ಐದು ನಿನ್ನ ಹೆಸರಿನ ದಿನ, ಆರು ನನ್ನದು. ಹೆಸರಿನ ದಿನಕ್ಕೆ ಯಾರೂ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ನೆನಪಿದ್ದವರು ಬರುತ್ತಾರೆ. ಆದ್ದರಿಂದ ನಾನೂ ಕರೆಯುತ್ತಿಲ್ಲ. ಆರನೆಯ ತಾರೀಕು ಶನಿವಾರ, ದೊಡ್ಡಮ್ಮ ಎಂದಿನಂತೆ ಅರವತ್ತು ಪೀರಾಗಿ ಬನ್ನು ಸುಡುತ್ತಾಳೆ, ಮಾಂಸ ತುಂಬಿ, ಬಿಸಿ ಬಿಸಿ. ಇದು ಸುದ್ದಿ ಮಾತ್ರ.

ಡಾರ್ತಾ


ಅಲೂಕ್ಸ್ನೆ,
ಜನವರಿ ೨೨

ಡಾರ್ತಾ,

ಅಡುಗೆಮನೆಯಲ್ಲಿ ಮೊಣಕಾಲೂರಿ ಫ್ರಿಜ್ಜಿಗೆ ಕೆನ್ನೆ ಒತ್ತಿ ಕೂತಿದ್ದೆ. ಆಸ್ಟ್ರಾ ಅಮ್ಮ ಬಂದರು.

"ಏನಮ್ಮಾ, ಏನಾದ್ರೂ ಕಳ್ಕೊಂಡ್ಯಾ?"

"ಇಲ್ಲಮ್ಮ, ಕೇಳಿಸ್ಕೊಳ್ತಿದೀನಿ."

"ಅದು ಮೂವತ್ತು ವರ್ಷದಿಂದ ಹಂಗೇ ಕಣಮ್ಮ. ನನ್ನ ಗಂಡನೂ ಹಂಗೇ ಗುಯ್‌ಗುಟ್ತಿದ್ರು. ಬೇಜಾರ್ ಮಾಡ್ಕೋಬೇಡ, ಅಭ್ಯಾಸ ಆಗುತ್ತೆ."

ಕಿವಿಯಿಟ್ಟುಕೊಂಡೇ ನಿನ್ನ ಹಾಡನ್ನು ಹಾಕಿದೆ. ಒಂದೇ ಸ್ವರ ಕಣೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈ ಮನೆಗೆ ಬಂದು ಒಂದೂವರೆ ವರ್ಷವಾಯಿತು. ದಿನಾ ಬೆಳಿಗ್ಗೆ ಹಾಲು ತೆಗೆಯುವಾಗ ನಿಮ್ಮ ಅಡುಗೆಮನೆಯ ಶ್ರುತಿ ಕಿವಿಗೆ ಬೀಳುತ್ತಿತ್ತು, ನನಗೆ ಗೊತ್ತಿರಲಿಲ್ಲ.

ನಿಂತು ಹಾಡಿದೆ. ಕೂತಿತು. ಆದರೆ ಮೈಕು ಹಾಕಲಾಗದು, ಏಕೆಂದರೆ ನಾಯಿ ಜೊತೆಗೆ ಹಾಡುತ್ತದೆ, ವೈರು ಕೀಳಲು ಆಸ್ಟ್ರಾ ಅಮ್ಮ ಬಿಡುವುದಿಲ್ಲ. ಒಳಗೆ ಅವರ ಮೀನಿನ ಜೆಲ್ಲಿ ಇದೆ.

ಆದ್ದರಿಂದ ಈ ಸಲ ಪೆನ್‌ಡ್ರೈವ್ ಇಲ್ಲ.

ಅಲೂಕ್ಸ್ನೆಯಿಂದ ಬೆಳಿಗ್ಗೆ ಬೇಗ ಒಂದು ಬಸ್ಸಿದೆ. ಇದೂ ಸುದ್ದಿ ಮಾತ್ರ.

ಸೆಲ್ಗಾ


ಅಲೂಕ್ಸ್ನೆ,
ಫೆಬ್ರವರಿ ೮

ಡಾರ್ತಾ,

ನಿನ್ನೆ ಸಂಜೆ ಮನೆಯ ಬಾಗಿಲ ಮುಂದೆ ಹಿಮದಲ್ಲಿ ನಿಂತು ಎಲ್ಲ ಜೇಬು ತಡಕಿದೆ. ನನ್ನ ಕೀಲಿಕೈ ಇಲ್ಲ. ಆಸ್ಟ್ರಾ ಅಮ್ಮ ಬಾಗಿಲು ತೆರೆದು, "ಮೊದ್ಲು ಶ್ರುತಿ, ಈಗ ಕೀಲಿಕೈ. ಇನ್ನೇನೇನು ಕಳ್ಕೋತೀಯಮ್ಮಾ?" ಎಂದರು. ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು. ನೀನೂ ನೋಡಿರುತ್ತೀಯ.

ಮೊದಲೆಲ್ಲ ನಿನ್ನ ಕೀಲಿಕೈ ಮಾತ್ರ ಫ್ರಿಜ್ಜಿಗೆ ಹೋಗುತ್ತಿತ್ತು. ಮೊನ್ನೆ ನಾನೂ ಹಾಕಿದೆ. ಯಾಕೆಂದು ಕೇಳಬೇಡ. ಹಾಡು ಮುಗಿದ ಮೇಲೆ ನಿನ್ನ ದೊಡ್ಡಮ್ಮ ವೈರು ಹಾಕಿ, ನಿನ್ನದನ್ನು ತೆಗೆದು ಮೊಳೆಗೆ ನೇತು ಹಾಕಿದ್ದನ್ನು ನೋಡಿದೆ. ಅಲ್ಲಿ ಇನ್ನೊಂದು ಇದೆಯೆಂದು ಅವಳಿಗೇನು ಗೊತ್ತು?

ಬರುವಾಗ ದಾರಿಯುದ್ದಕ್ಕೂ ಬಾಗಿಲಲ್ಲಿ ಹೇಳಲು ಒಂದು ಮಾತು ಸಿದ್ಧ ಮಾಡಿಕೊಂಡಿದ್ದೆ. ಗಂಭೀರವಾದ ಮಾತು. ಬಾಗಿಲು ತೆರೆದವಳು ನಿನ್ನ ದೊಡ್ಡಮ್ಮ. "ಓ, ಸೆಲ್ಗಾ. ಬಾಗ್ಲು ಹಾಕೇ, ಚಳಿ ಒಳಗ್ ಬರ್ತಿದೆ. ನಿನ್ನ ಚಪ್ಪಲಿ ಅಲ್ಲೇ ಇದೆ ನೋಡು." ನಿಜಕ್ಕೂ ಅಲ್ಲೇ ಇತ್ತು, ಆ ಹಸಿರು ಉಣ್ಣೆಯ ಮನೆಚಪ್ಪಲಿ, ನಿನ್ನದರ ಪಕ್ಕದಲ್ಲಿ. ಎರಡು ವರ್ಷ ಒಂಬತ್ತು ತಿಂಗಳು ಯಾರೂ ಅದನ್ನು ಎತ್ತಿಡಲಿಲ್ಲವಾ? ಅದಕ್ಕೆ ಕಾಲು ಹಾಕಿದ ಮೇಲೆ ಗಂಭೀರವಾದ ಮಾತು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನೀನು ಒಲೆಯ ಹತ್ತಿರ ನಿಂತು, "ಪೀರಾಗಿ ಬಿಸಿ ಇದೆ" ಎಂದೆ. ಅಷ್ಟು ವರ್ಷದ ಮೇಲೆ ಅದೊಂದೇ ಮಾತು! ತಿಂದೆ. ನಾಲಿಗೆ ಸುಟ್ಟಿತು.

ಪೀರಾಗಿ ತಿನ್ನಲು ಬಂದಿದ್ದ ನಿನ್ನ ದೊಡ್ಡಮ್ಮನ ಟ್ರಾಮ್ ಜೊತೆಗಾರರು ಹದಿನಾಲ್ಕು ಜನ ಗೋಡೆಗೊರಗಿ ಉಸಿರು ಬಿಗಿಹಿಡಿದು ನಿಂತಿದ್ದು, ನಾವು ಕೀಬೋರ್ಡಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಹಾಡಿದ್ದು, ಕೊನೆಯ ಸ್ವರ ಮುಗಿದ ಕ್ಷಣಕ್ಕೆ ಅವರಲ್ಲಿ ಆ ಮೀಸೆಯವರು ಸೀನಿದ್ದು, ಎಲ್ಲ ಕಣ್ಣ ಮುಂದೇ ಇದೆ. ಆ ಸೀನನ್ನು ಹಾಡಿನಿಂದ ಕತ್ತರಿಸಬೇಡ. ಒಂದು ಮಾತು ಗಮನಿಸಿದೆಯಾ? ಹದಿನಾಲ್ಕು ಜನ ನಿನ್ನನ್ನೇ ನೋಡುತ್ತಿದ್ದರು. ನೀನು ಹಾಡಿದೆ.

ಹೆಸರು ಹಾಕು. ಎರಡೂ, ಒಂದೇ ಸಾಲಿನಲ್ಲಿ. ಕ್ಯಾಲೆಂಡರಿನಲ್ಲಿ ಇರುವ ಕ್ರಮದಲ್ಲೇ ಇರಲಿ, ನನ್ನದು ಮೊದಲು.

ಈಗ ಕೀಲಿಕೈ ವಿಷಯ. ಅಂಚೆಯಲ್ಲಿ ಕಳಿಸಿದರೂ ಸಾಕು, ಆಸ್ಟ್ರಾ ಅಮ್ಮ ಅಲ್ಲಿಯವರೆಗೂ ಬಾಗಿಲು ತೆರೆಯುತ್ತಾರೆ. ಆದರೆ ಮಕ್ಕಳಿಗೆ ಫ್ರಿಜ್ಜಿನ ಕಥೆ ಹೇಳಿಬಿಟ್ಟೆ. ಆ ಹಾಡು ಕೇಳಲೇಬೇಕಂತೆ. ಇಪ್ಪತ್ತಾರನೆಯ ತಾರೀಕು, ಶುಕ್ರವಾರ ಮಧ್ಯಾಹ್ನ ಶಾಲೆಯ ಸಭಾಂಗಣ ಖಾಲಿ ಇದೆ. ಅರವತ್ತು ಮಕ್ಕಳು, ಅಡುಗೆಯವರನ್ನು ಸೇರಿಸಿದರೆ ಅರವತ್ತೈದು. ನೀನು ಬರದಿದ್ದರೆ ಲ್ಯಾಪ್‌ಟಾಪಿನಲ್ಲೇ ಕೇಳಿಸುತ್ತೇನೆ. ಬೇಸರ ಮಾಡಿಕೊಳ್ಳುವುದಿಲ್ಲ, ನಿಜವಾಗಿಯೂ. ಬರಲಾಗದಿದ್ದರೆ ಬರಲಾಗದು ಎಂದೇ ಬರೆ. ಕಾರಣ ಬೇಡ.

ಸೆಲ್ಗಾ


ರೀಗಾ ಬಸ್ ನಿಲ್ದಾಣ,
ಫೆಬ್ರವರಿ ೨೫

ಸೆಲ್ಗಾ,

ನಿನ್ನ ಪತ್ರಕ್ಕೆ ಹದಿನೈದು ದಿನ ಉತ್ತರ ಬರೆಯಲಾಗಲಿಲ್ಲ. ಬರುತ್ತೇನೆ ಎಂದು ಬರೆಯಲು ಭಯ, ಬರುವುದಿಲ್ಲ ಎಂದು ಬರೆಯಲು ಮನಸ್ಸಿಲ್ಲ. ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ಕೊಡುತ್ತೇನೆ.

ಆಲ್ಬಮ್ಮನ್ನು ಇಂದು ಬೆಳಿಗ್ಗೆ ಇಲ್ಲಿ ಕ್ಯಾಸೆಟ್‌ನವರಿಗೆ ಒಪ್ಪಿಸಿದೆ. ಒಂಬತ್ತು ಹಾಡು, ಒಂದು ಸೀನು. ಸೀನಿನವರ ಹೆಸರನ್ನೂ ಹಾಕಬೇಕೆಂದು ದೊಡ್ಡಮ್ಮನ ಹಟ, ಕೊನೆಯ ಸಾಲಿನಲ್ಲಿ ಹಾಕಿಸಿದ್ದೇನೆ. ಮೊದಲ ಸಾಲು ನೀನು ಹೇಳಿದ ಹಾಗೆ: ಸೆಲ್ಗಾ, ಡಾರ್ತಾ.

ನಿನ್ನ ಕೀಲಿಕೈ ಬೆಣ್ಣೆ ಡಬ್ಬಿಯ ಹಿಂದಿತ್ತು. ನೀನು ಹೋದ ದಿನವೇ ಕಂಡಿತು. ಮೊದಲ ಎರಡು ದಿನ ಅದನ್ನು ಅಲ್ಲಿಂದ ತೆಗೆಯಲಿಲ್ಲ. ಬೆಣ್ಣೆ ತೆಗೆಯುವಾಗೆಲ್ಲ ಕಾಣುತ್ತಿತ್ತು. ಮೂರನೆಯ ದಿನ ದೊಡ್ಡಮ್ಮ, "ಅಂಚೆಗೆ ಹಾಕ್ಲಾ, ಇಲ್ಲಾ ನೀನೇ ಹೋಗ್ತೀಯಾ? ಅದೇನು ಉಪ್ಪಿನಕಾಯಿಯಾ, ಒಳಗಿಟ್ಟು ಕಾಯೋಕೆ?" ಎಂದಳು.

ಇದೇ ನಿಲ್ದಾಣ. ನಾನು ಕೂತ ಬೆಂಚಿನಿಂದ ಲಿಯೆಪಾಯಾ ಬಸ್ಸು ಕಾಣುತ್ತದೆ, ಬಾಗಿಲು ತೆರೆದು ನಿಂತಿದೆ. ಎರಡು ಸಾಲು ಆಚೆ ಅಲೂಕ್ಸ್ನೆ ಬಸ್ಸು. ಇನ್ನು ಏಳು ನಿಮಿಷ. ಅರವತ್ತೈದು ಜನ ಎಂದು ನೆನೆದಾಗೆಲ್ಲ ಕೈ ತಣ್ಣಗಾಗುತ್ತಿದೆ. ಅಕ್ಷರ ಸೊಟ್ಟಗಿರುವುದು ಅದಕ್ಕೇ. ಇರಲಿ. ತಣ್ಣನೆಯ ಕೈಯಲ್ಲೂ ಕೀಬೋರ್ಡ್ ನುಡಿಸಬಹುದು. ಮೊನ್ನೆ ನುಡಿಸಿದ್ದು ಹಾಗೆಯೇ, ನೀನು ಗಮನಿಸಲಿಲ್ಲ.

ಫ್ರಿಜ್ಜಿನ ವೈರು ಹಾಕಿದೆ, ಎರಡು ಸಲ ನೋಡಿ ಹೊರಟೆ. ದೊಡ್ಡಮ್ಮ ಮನೆಯಲ್ಲಿದ್ದಾಳೆ. ನೆಪ ಯಾವುದೂ ಉಳಿದಿಲ್ಲ.

ಎರಡು ಕೀಲಿಕೈ ಗೊಂಚಲೂ ಕೋಟಿನ ಒಂದೇ ಜೇಬಿನಲ್ಲಿವೆ. ನಡೆದರೆ ಗಲಗಲ ಎನ್ನುತ್ತವೆ. ಬಾಗಿಲು ತಟ್ಟುವ ಮೊದಲೇ ನಿನಗೆ ಕೇಳಿಸುತ್ತದೆ.

ಡಾರ್ತಾ